ಫೈಲಿನ ಮೇಲೆ ಎರಡು ಹೆಸರಿರಲಿ

ಸೂಳೆಕೆರೆಯ ಏರಿಯ ಮೇಲೆ ನಿಂತವರಿಗೆ ಮೊದಲು ಕಾಣುವುದು ನೀರು, ಆಮೇಲೆ ಕೇಳಿಸುವುದು ಕಥೆ. ಚನ್ನಗಿರಿ ತಾಲ್ಲೂಕಿನ ಈ ಕೆರೆಯನ್ನು ಕಟ್ಟಿಸಿದವಳು ಶಾಂತವ್ವ ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಕಥೆ ಊರಿಂದ ಊರಿಗೆ ಬದಲಾಗುತ್ತದೆ. ನಾನು ಕೇಳಿದ ಪಾಠದಲ್ಲಿ ಅದು ಶುರುವಾಗುವುದು ಮಕ್ಕಳಿಲ್ಲದ ಮನೆಯಿಂದ. ಸ್ವರ್ಗಾವತಿ ಪಟ್ಟಣದ ದೊರೆ ವಿಕ್ರಮರಾಯನಿಗೂ ರಾಣಿ ನೂತನಾದೇವಿಗೂ ಬಹುಕಾಲ ಸಂತಾನವಿರಲಿಲ್ಲ. ಹರಕೆ, ವ್ರತ, ಪೂಜೆಗಳಾದ ಮೇಲೆ ಬಂದವಳು ಶಾಂತವ್ವ. ಬೆಳೆದ ಮಗಳು ಸಿದ್ಧೇಶ್ವರನನ್ನು ಮೆಚ್ಚಿ ಅವನ ಹಿಂದೆ ಹೋದಳೆಂದು ಸಿಟ್ಟಿಗೆದ್ದ ತಂದೆ ಆಡಬಾರದ ಮಾತು ಆಡಿದ. ಆ ಮಾತಿನ ಕಳಂಕ ತೊಳೆದುಕೊಳ್ಳಲು ಅವಳು ಕೆರೆ ಕಟ್ಟಿಸಲು ಹೊರಟಳು. ನೆಲ ಸೂಳೆಯರದಾಗಿತ್ತು. ಕೆರೆಗೆ ತಮ್ಮ ಹೆಸರು ನಿಲ್ಲುವುದಾದರೆ ಜಾಗ ಬಿಡುತ್ತೇವೆ ಎಂದರು ಅವರು. ಹಾಗಾಗಿ ಕಡತದಲ್ಲಿ ಶಾಂತಿಸಾಗರವಾದರೂ ಜನರ ಬಾಯಲ್ಲಿ ಇದು ಇಂದಿಗೂ ಸೂಳೆಕೆರೆ.

ಈ ಕಥೆಯಲ್ಲಿ ನನ್ನನ್ನು ಕಾಡುವುದು ತಂದೆ ಬಳಸಿದ ‘ಸೂಳೆ’ ಎಂಬ ಆ ಪದ. ಕನ್ನಡದಲ್ಲಿ ಅದಕ್ಕೆ ಪುಲ್ಲಿಂಗವಿಲ್ಲ. ಹಾಗೆ ಪುಲ್ಲಿಂಗವಿಲ್ಲದ ಇನ್ನೊಂದು ಪದ ‘ಬಂಜೆ’. ಪತ್ರಿಕೆಯಲ್ಲಿ ಗಂಡಸಿನ ಸಮಸ್ಯೆ ಬರೆಯಬೇಕಾದಾಗ ನಾವು ‘ಪುರುಷ ಬಂಜೆತನ’ ಎಂದು ಹೆಂಗಸಿನ ಪದಕ್ಕೇ ಪುರುಷ ಎಂಬ ತಲೆಬರಹ ಹಚ್ಚುತ್ತೇವೆ. ‘ಷಂಡ’ ಎಂಬ ಬೈಗುಳ ಇದೆಯಲ್ಲ ಎನ್ನಬಹುದು. ಅದು ಬೇರೆಯೇ ತೊಂದರೆಯ ಹೆಸರು. ಸಂಸಾರ ಸುಖವಾಗಿ ನಡೆಸುವ, ಆದರೆ ವೀರ್ಯಾಣು ಸಾಲದ ಗಂಡಸಿಗೆ ನಮ್ಮ ಊರುಗಳಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ್ದನ್ನು ಯಾರೂ ಹುಡುಕುವುದಿಲ್ಲ. ಹುಡುಕದೇ ಹೋದ ಭಾರವೆಲ್ಲ ಅವನ ಹೆಂಡತಿಯ ತಲೆಯ ಮೇಲೆ ಕೂರುತ್ತದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಬೆಳಿಗ್ಗೆ ದಾವಣಗೆರೆಗೋ ಶಿವಮೊಗ್ಗಕ್ಕೋ ಹೊರಡುವ ಬಸ್ಸಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ದಪ್ಪ ಫೈಲು ಹಿಡಿದು ಕೂತ ಹೆಣ್ಣುಮಗಳನ್ನು ನೀವು ನೋಡಿರುತ್ತೀರಿ. ಪಕ್ಕದಲ್ಲಿ ತಾಯಿಯೋ ಅತ್ತಿಗೆಯೋ ಇರುತ್ತಾರೆ. ಫೈಲಿನಲ್ಲಿ ಮೂರು ನಾಲ್ಕು ವರ್ಷಗಳ ಸ್ಕ್ಯಾನ್, ರಕ್ತಪರೀಕ್ಷೆ, ಎಕ್ಸ್‌ರೇ. ಎಲ್ಲ ಹಾಳೆಯ ಮೇಲೂ ಅವಳದೇ ಹೆಸರು. ಗಂಡನ ಹೆಸರಿನ ಒಂದು ಹಾಳೆಯೂ ಇಲ್ಲದ ಫೈಲುಗಳು ಎಷ್ಟಿವೆಯೋ! ಆ ಒಂದು ಹಾಳೆಯ ಬಗ್ಗೆಯೇ ಈ ಬರಹ.

ಯಾವಾಗ ಚಿಂತಿಸಬೇಕು?

ಗರ್ಭನಿರೋಧಕ ಬಳಸದೆ, ಗಂಡ ಹೆಂಡತಿ ಒಟ್ಟಿಗಿದ್ದು 12 ತಿಂಗಳಾದರೂ ಬಸಿರು ನಿಲ್ಲದಿದ್ದರೆ ಅದನ್ನು ತೊಂದರೆ ಎಂದು ಪರಿಗಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣುವುದು ಒಳ್ಳೆಯದು. ಅದಕ್ಕೂ ಮೊದಲೇ ಗಾಬರಿ ಬೇಡ. ಆರೋಗ್ಯವಾಗಿರುವ ಎಳೆಯ ದಂಪತಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನಾಲ್ಕೈದರಲ್ಲಿ ಒಂದು ಮಾತ್ರ. ಮದುವೆಯಾದ ಮೂರನೇ ತಿಂಗಳಿಗೆ ‘ಏನಾದ್ರೂ ವಿಶೇಷ?’ ಎಂದು ಕೇಳುವ ನೆಂಟರು ಇಷ್ಟನ್ನಾದರೂ ತಿಳಿದಿರಬೇಕು.

2023ರ ಏಪ್ರಿಲ್‌ನಲ್ಲಿ ಅದೇ ಸಂಸ್ಥೆ ಪ್ರಕಟಿಸಿದ ವರದಿಯಂತೆ ಜಗತ್ತಿನ ವಯಸ್ಕರಲ್ಲಿ ಶೇ 17.5ರಷ್ಟು, ಎಂದರೆ ಸುಮಾರು ಆರರಲ್ಲಿ ಒಬ್ಬರು, ಬದುಕಿನ ಒಂದಲ್ಲ ಒಂದು ಹಂತದಲ್ಲಿ ಈ ತೊಂದರೆ ಎದುರಿಸುತ್ತಾರೆ. ಶ್ರೀಮಂತ ದೇಶ, ಬಡ ದೇಶ ಎಂದು ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ಚಿಕಿತ್ಸೆ ಯಾರ ಕೈಗೆಟುಕುತ್ತದೆ ಎಂಬಲ್ಲಿ ಅಜಗಜಾಂತರವಿದೆ.

ಕರ್ನಾಟಕದಲ್ಲಿ ಈ ನೋವು ಕಣ್ಣಿಗೆ ಬೀಳದಿರಲು ಇನ್ನೊಂದು ಕಾರಣವಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಒಟ್ಟು ಫಲವಂತಿಕೆ ದರ 1.7. ಜನಸಂಖ್ಯೆ ಇದ್ದಷ್ಟೇ ಉಳಿಯಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಹಲವು ದಶಕ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹೆರಿಗೆ ಕಡಿಮೆ ಮಾಡುವ ಕೆಲಸವನ್ನು ಶ್ರದ್ಧೆಯಿಂದ ಮಾಡಿವೆ. ಮಕ್ಕಳು ಸಾಕು ಎನ್ನುವವರಿಗೆ ಅಲ್ಲಿ ಬಾಗಿಲು ತೆರೆದಿದೆ. ಮಕ್ಕಳು ಬೇಕು ಎನ್ನುವವರಿಗೆ ಯಾವ ಬಾಗಿಲು? ಕುಟುಂಬ ಯೋಜನೆ ಎಂದರೆ ಎರಡೂ ಅಲ್ಲವೇ?

ಹೊಲ ಮತ್ತು ಬೀಜದ ತಪ್ಪು ಲೆಕ್ಕ

ಹೆಣ್ಣು ಹೊಲ, ಗಂಡು ಬೀಜ ಎಂಬುದು ನಮ್ಮ ಹಳೆಯ ಕಲ್ಪನೆ. ಮೊಳಕೆ ಬರಲಿಲ್ಲವೆಂದರೆ ನೆಲ ಬರಡು ಎಂಬ ತೀರ್ಮಾನ ಇದರಿಂದಲೇ ಹುಟ್ಟಿದ್ದು. ಹೊಲದಲ್ಲಿ ಕೆಲಸ ಮಾಡುವ ರೈತ ಹೀಗೆ ಯೋಚಿಸುವುದಿಲ್ಲ. ಮೆಕ್ಕೆಜೋಳ ಹುಟ್ಟದಿದ್ದರೆ ಜಗಳೂರಿನ ರೈತ ಬೀಜದ ಚೀಲವನ್ನೇ ಮೊದಲು ನೋಡುತ್ತಾನೆ, ಆಮೇಲೆ ಮಳೆ, ಆಮೇಲೆ ಮಣ್ಣು. ಮನೆಯೊಳಗೆ ಬಂದಾಗ ಮಾತ್ರ ಆ ಅನುಭವವನ್ನೆಲ್ಲ ಹೊರಗೇ ಬಿಟ್ಟು ಬರುತ್ತೇವೆ.

ವಿಜ್ಞಾನಕ್ಕೂ ಈ ತಪ್ಪು ಲೆಕ್ಕ ಸರಿಪಡಿಸಲು ಬಹಳ ಕಾಲ ಹಿಡಿಯಿತು. 1677ರಲ್ಲಿ ಹಾಲೆಂಡಿನ ಲೇವನ್‌ಹುಕ್ ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳು ಈಜುವುದನ್ನು ಕಂಡ. ಸಸ್ತನಿಗಳ ಅಂಡಾಣುವನ್ನು ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಗುರುತಿಸಿದ್ದು 1827ರಲ್ಲಿ. ನಡುವಿನ ಒಂದೂವರೆ ಶತಮಾನ ಗಂಡಿನ ಪಾಲು ಕಂಡಿತ್ತು, ಹೆಣ್ಣಿನ ಪಾಲು ಕಂಡಿರಲಿಲ್ಲ. 1876ರಲ್ಲಿ ಆಸ್ಕರ್ ಹರ್ಟ್‌ವಿಗ್ ಕಡಲಮುಳ್ಳಿ ಎಂಬ ಸಮುದ್ರಜೀವಿಯಲ್ಲಿ ವೀರ್ಯಾಣುವಿನ ಕೋಶಕೇಂದ್ರವೂ ಅಂಡಾಣುವಿನ ಕೋಶಕೇಂದ್ರವೂ ಒಂದಾಗುವುದನ್ನು ನೋಡಿದ. ಹೆಣ್ಣು ಬರಿಯ ಹೊಲವಲ್ಲ, ಅವಳದೂ ಬೀಜವೇ. ಮಗುವಿನ ವಂಶವಾಹಿಗಳಲ್ಲಿ ಅರ್ಧ ತಂದೆಯದು, ಅರ್ಧ ತಾಯಿಯದು. ಮಗು ಇಬ್ಬರದಾದರೆ ಮಗುವಾಗದಿರುವುದರ ಹುಡುಕಾಟವೂ ಇಬ್ಬರಲ್ಲೇ ನಡೆಯಬೇಕು.

ವೈದ್ಯರ ಅನುಭವವೂ ಇದನ್ನೇ ಹೇಳುತ್ತದೆ. ಮಕ್ಕಳಾಗದ ದಂಪತಿಗಳನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಸಂದರ್ಭಗಳಲ್ಲಿ ಗಂಡಸಿನ ಕಡೆಯ ಕಾರಣವೊಂದು, ಒಂಟಿಯಾಗಿಯೋ ಹೆಂಡತಿಯ ಕಾರಣದ ಜೊತೆಗೋ, ಸಿಗುತ್ತದೆ. ಇಬ್ಬರಲ್ಲೂ ಏನೂ ಕಾಣದ ದಂಪತಿಗಳೂ ಇದ್ದಾರೆ.

ಗಂಡಸಿನ ಪರೀಕ್ಷೆ ಎಷ್ಟು ಸುಲಭ

ಆಶಾ ಕಾರ್ಯಕರ್ತೆ ಒಬ್ಬರು ಅತ್ತೆಗೆ ಹೇಳುವುದನ್ನು ಊಹಿಸಿ: ‘ಅಮ್ಮಾ, ಮಗನ್ನೂ ಒಂದ್ಸಲ ಕರ್ಕೊಂಡು ಹೋಗಿ ತೋರ್ಸಿ.’ ಉತ್ತರ ನಮಗೆಲ್ಲ ಗೊತ್ತಿರುವುದೇ: ‘ನನ್ ಮಗ್ನಿಗೇನಾಗೇತವ್ವ? ಕ್ವಿಂಟಾಲ್ ಮೂಟೆ ಹೊರ್ತಾನೆ.’

ಮೂಟೆ ಹೊರುವ ಬಲಕ್ಕೂ ವೀರ್ಯಾಣುವಿನ ಸಂಖ್ಯೆಗೂ ಸಂಬಂಧವಿಲ್ಲ. ಹಾಸಿಗೆಯಲ್ಲಿನ ಸಾಮರ್ಥ್ಯಕ್ಕೂ ಇಲ್ಲ. ಸ್ಖಲನವಾಗುವ ದ್ರವದಲ್ಲಿ ವೀರ್ಯಾಣುಗಳ ಪಾಲು ತೀರಾ ಸಣ್ಣದು. ಒಂದೂ ವೀರ್ಯಾಣುವಿಲ್ಲದಿದ್ದರೂ ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಎಲ್ಲ ಗಂಡಸರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಹೀಗಿರುತ್ತದೆ. ತಿಳಿಯಲು ಒಂದೇ ದಾರಿ ವೀರ್ಯ ಪರೀಕ್ಷೆ.

ಎರಡರಿಂದ ಏಳು ದಿನ ಸಂಯಮದಿಂದಿದ್ದು ಸ್ವಚ್ಛ ಡಬ್ಬಿಯಲ್ಲಿ ಮಾದರಿ ಕೊಡಬೇಕು. ಒಂದು ಗಂಟೆಯೊಳಗೆ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಸೂಜಿಯಿಲ್ಲ, ನೋವಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಆರನೇ ಆವೃತ್ತಿಯ ಕೈಪಿಡಿಯಲ್ಲಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳು, ಅವುಗಳಲ್ಲಿ ಶೇ 42ರಷ್ಟು ಚಲನೆಯುಳ್ಳವು ಎಂಬುದು ಕೆಳಗಿನ ಗೆರೆ. ಗೆರೆಗಿಂತ ಕೆಳಗಿದ್ದವರೆಲ್ಲರಿಗೂ ಮಕ್ಕಳಾಗುವುದಿಲ್ಲ ಎಂದಲ್ಲ, ಮೇಲಿದ್ದವರೆಲ್ಲರಿಗೂ ಆಗುತ್ತದೆ ಎಂದೂ ಅಲ್ಲ. ಮೊದಲ ಫಲಿತಾಂಶ ಸರಿಯಿಲ್ಲದಿದ್ದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಹಿಡಿಯುತ್ತದೆ. ಹಿಂದೆ ಬಂದ ಜ್ವರದ ಪೆಟ್ಟು ಇಂದಿನ ಮಾದರಿಯಲ್ಲಿ ಕಾಣಬಹುದು.

ಇದರ ಎದುರಿಗೆ ಹೆಂಡತಿಯ ಪರೀಕ್ಷೆಗಳನ್ನಿಟ್ಟು ನೋಡಿ. ಒಳಗಿನಿಂದ ಮಾಡುವ ಸ್ಕ್ಯಾನ್, ತಿಂಗಳಿಗಿಷ್ಟು ರಕ್ತಪರೀಕ್ಷೆ, ಗರ್ಭಕೋಶಕ್ಕೆ ದ್ರವ ತುಂಬಿ ತೆಗೆಯುವ ನೋವಿನ ಎಕ್ಸ್‌ರೇ, ಕೆಲವರಿಗೆ ಅರಿವಳಿಕೆ ಕೊಟ್ಟು ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡುವ ಲ್ಯಾಪ್ರೊಸ್ಕೋಪಿ. ಸುಲಭದ, ಅಗ್ಗದ ಪರೀಕ್ಷೆಯನ್ನು ಮುಂದಕ್ಕೆ ಹಾಕಿ ನೋವಿನ, ದುಬಾರಿಯ ಪರೀಕ್ಷೆಯನ್ನು ಮೊದಲು ಮಾಡಿಸುವುದು ಯಾವ ನ್ಯಾಯ?

ಗಂಡಸಿನಲ್ಲಿ ಸಿಗುವ ಕಾರಣಗಳೂ ಹಲವು. ವೃಷಣದ ರಕ್ತನಾಳಗಳು ಉಬ್ಬುವ ವೇರಿಕೋಸೀಲ್, ಪ್ರಾಯಕ್ಕೆ ಬಂದ ಮೇಲೆ ಬಂದ ಮಂಗಬಾವು, ವೀರ್ಯನಾಳದಲ್ಲಿ ತಡೆ, ವೈ ವರ್ಣತಂತುವಿನಲ್ಲಿ ಸಣ್ಣ ತುಣುಕು ಕಳೆದುಹೋಗಿರುವುದು. ವೃಷಣಗಳು ದೇಹಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿರಬೇಕು. ಅದಕ್ಕೇ ಅವು ದೇಹದ ಹೊರಗಿವೆ. ಕುಲುಮೆ, ಬಾಯ್ಲರ್‌ಗಳ ಬಿಸಿಯಲ್ಲಿ ದಿನವಿಡೀ ದುಡಿಯುವವರು ಇದನ್ನು ಗಮನದಲ್ಲಿಡಬೇಕು. ಮೈಕಟ್ಟಿಗೆಂದು ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವ ಹುಡುಗರೂ ಕೇಳಬೇಕು: ಹೊರಗಿನಿಂದ ಆ ಹಾರ್ಮೋನು ಬಂದರೆ ಮಿದುಳು ಒಳಗಿನ ಕಾರ್ಖಾನೆಗೆ ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೆ ಇಳಿಯಬಹುದು.

ಅಡಿಕೆ ಸೀಮೆಯಲ್ಲಿ ಬದುಕುವ ನಾವು ಗುಟ್ಕಾ, ಹೊಗೆಸೊಪ್ಪಿನ ಮಾತೂ ಆಡಬೇಕು. ಮಕ್ಕಳಾಗದೆ ಪರೀಕ್ಷೆಗೆ ಬಂದ, ತಂಬಾಕು ಜಗಿಯುವ ಆರುನೂರಕ್ಕೂ ಹೆಚ್ಚು ಭಾರತೀಯ ಪುರುಷರ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಜಗಿಯುವ ಪ್ರಮಾಣ ಹೆಚ್ಚಿದಂತೆ ವೀರ್ಯಾಣುವಿನ ಗುಣಮಟ್ಟ ಇಳಿದಿತ್ತು.

ಗಂಡಸರು ಬಾಯಿಬಿಟ್ಟ ದಿನ

1977ರಲ್ಲಿ ಕ್ಯಾಲಿಫೋರ್ನಿಯಾದ ಲೇಥ್ರಪ್ ಎಂಬ ಊರಿನ ರಾಸಾಯನಿಕ ಕಾರ್ಖಾನೆಯಲ್ಲಿ ಒಂದು ಸಂಗತಿ ಹೊರಬಿತ್ತು. ಅಲ್ಲಿ ಬೇರುಹುಳುವಿಗೆ ಹಾಕುವ ಡಿಬಿಸಿಪಿ ಎಂಬ ಕೀಟನಾಶಕ ತಯಾರಾಗುತ್ತಿತ್ತು. ಕಾರ್ಮಿಕರು ತಮ್ಮತಮ್ಮಲ್ಲಿ ಮಾತಾಡಿಕೊಂಡಾಗ, ಆ ವಿಭಾಗಕ್ಕೆ ಸೇರಿದ ಮೇಲೆ ಯಾರಿಗೂ ಮಕ್ಕಳಾಗುತ್ತಿಲ್ಲ ಎಂಬುದು ಅರಿವಾಯಿತು. ಪರೀಕ್ಷೆಗೆ ಒತ್ತಾಯಿಸಿದರು. ಹಲವರಲ್ಲಿ ವೀರ್ಯಾಣು ತೀರಾ ಕಡಿಮೆ, ಕೆಲವರಲ್ಲಿ ಇಲ್ಲವೇ ಇಲ್ಲ. 1979ರಲ್ಲಿ ಅಮೆರಿಕ ಆ ವಿಷದ ಬಹುತೇಕ ಬಳಕೆಗಳನ್ನು ನಿಲ್ಲಿಸಿತು. ಗಂಡಸರು ನಾಚಿಕೆ ಬಿಟ್ಟು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರಿಂದ ಆದ ಕೆಲಸ ಇದು. ಅವರೂ ಹೆಂಡತಿಯರನ್ನು ದೂರಿ ಸುಮ್ಮನಾಗಿದ್ದರೆ ಆ ವಿಷ ಇನ್ನೆಷ್ಟು ವರ್ಷ ಹೊಲಕ್ಕೆ ಬೀಳುತ್ತಿತ್ತೋ.

ಕನ್ನಡದ ನೆಲಕ್ಕೆ ಇನ್ನೂ ಹತ್ತಿರದ ಸಾಕ್ಷ್ಯ ಕಾಸರಗೋಡಿನದು. ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗ, ವಾಣಿನಗರದ ಸುತ್ತ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ವಾಣಿನಗರದ ವೈದ್ಯ ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಬರೆದಿಟ್ಟರು. ಕನ್ನಡದ ಕೃಷಿ ಪತ್ರಕರ್ತ ಶ್ರೀ ಪಡ್ರೆ ಅದನ್ನು ಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಪಡ್ರೆಯ 117 ಶಾಲಾ ಹುಡುಗರನ್ನು ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿತು. 2003ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ವಿಷಕ್ಕೆ ಒಡ್ಡಿಕೊಂಡ ಹುಡುಗರಲ್ಲಿ ಪ್ರಾಯದ ಬೆಳವಣಿಗೆ ತಡವಾಗಿತ್ತು, ಗಂಡು ಹಾರ್ಮೋನಿನ ಉತ್ಪತ್ತಿಗೆ ಅಡ್ಡಿಯಾಗಿರುವ ಲಕ್ಷಣಗಳಿದ್ದವು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳೂ ಅದೇ ವಿಷ ಉಂಡ ಊರುಗಳು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಯಿತು.

ಎಂಡೋಸಲ್ಫಾನ್ ಹೋಯಿತು, ಔಷಧಿ ಹೊಡೆಯುವುದು ಹೋಗಲಿಲ್ಲ. ಭದ್ರಾ ಕಾಲುವೆಯ ಭತ್ತದ ಗದ್ದೆಗಳಲ್ಲಿ, ಮೆಕ್ಕೆಜೋಳದ ಹೊಲಗಳಲ್ಲಿ ಬರಿ ಮೈಯಲ್ಲಿ, ಮುಖಕ್ಕೆ ಟವೆಲ್ಲಷ್ಟೇ ಸುತ್ತಿಕೊಂಡು ಪಂಪು ಹೊರುವ ಹುಡುಗರಲ್ಲಿ ಹೆಚ್ಚಿನವರು ಮದುವೆಯ ವಯಸ್ಸಿನವರು. ಅವರಿಗೆ ಕೈಗವಸು, ಮಾಸ್ಕು ಕೊಡಿಸುವುದು ಮುಂದಿನ ಸಂತಾನದ ಕಾಳಜಿಯೂ ಹೌದು.

ಹೆಂಡತಿಯ ಕಡೆ: ಅಗ್ಗದ ಮಾತ್ರೆಯ ಕಥೆ

ಹೆಣ್ಣಿನ ಕಡೆಯ ಕಾರಣಗಳಲ್ಲಿ ಈಗ ಎಲ್ಲರ ಬಾಯಲ್ಲಿರುವುದು ಪಿಸಿಓಡಿ. ಅಂಡಾಶಯದಲ್ಲಿ ಅಂಡಾಣುಗಳಿರುತ್ತವೆ, ಆದರೆ ತಿಂಗಳಿಗೊಂದು ಬಲಿತು ಹೊರಬರುವ ಕ್ರಮ ತಪ್ಪಿರುತ್ತದೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುವುದು ಇದರ ಸೂಚನೆ. ತೂಕ ಹೆಚ್ಚಿದ್ದವರು ಶೇ 5ರಿಂದ 10ರಷ್ಟು ಇಳಿಸಿದರೂ ಹಲವರಲ್ಲಿ ಕ್ರಮ ಮರಳುತ್ತದೆ. ಸಾಲದಿದ್ದರೆ ಮಾತ್ರೆಗಳಿವೆ. 2014ರಲ್ಲಿ ಅಮೆರಿಕದಲ್ಲಿ 750 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಹಳೆಯ ಕ್ಲೋಮಿಫಿನ್ ತೆಗೆದುಕೊಂಡವರಲ್ಲಿ ಶೇ 19.1ರಷ್ಟು, ಲೆಟ್ರೊಜೋಲ್ ತೆಗೆದುಕೊಂಡವರಲ್ಲಿ ಶೇ 27.5ರಷ್ಟು ಮಂದಿಗೆ ಜೀವಂತ ಹೆರಿಗೆಯಾಯಿತು. ಭಾರತ ಇದೇ ಲೆಟ್ರೊಜೋಲನ್ನು ಈ ಚಿಕಿತ್ಸೆಗೆ ಬಳಸಬಾರದೆಂದು 2011ರಲ್ಲಿ ನಿಷೇಧಿಸಿ, ಸಾಕ್ಷ್ಯ ಗಟ್ಟಿಯಾದ ಮೇಲೆ 2017ರಲ್ಲಿ ನಿಷೇಧ ತೆಗೆಯಿತು. ಸರಿಯಾಗಿ ನಡೆದ ಒಂದು ಪ್ರಯೋಗ ಬಡವರ ಮನೆಗೆ ಎಷ್ಟು ಹತ್ತಿರ ಬರಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಲಕ್ಷಗಳ ಮಾತಿಗೆ ಮೊದಲು ಇಂಥ ಮಾತ್ರೆಯ ಹಂತವೊಂದು ಇದೆ ಎಂಬುದೇ ಹಲವರಿಗೆ ತಿಳಿದಿಲ್ಲ.

ಇನ್ನೊಂದು ಕಾರಣ ಗರ್ಭನಾಳ ಕಟ್ಟಿಕೊಳ್ಳುವುದು, ನಮ್ಮ ಮಾತಿನಲ್ಲಿ ಟ್ಯೂಬ್ ಬ್ಲಾಕ್. ಸೂಳೆಕೆರೆಯಿಂದ ಸಿದ್ದ ನಾಲೆ, ಬಸವ ನಾಲೆ ಎಂದು ಎರಡು ಕಾಲುವೆ ಹೊರಡುತ್ತವೆ. ಕೆರೆ ತುಂಬಿದ್ದರೂ ನಾಲೆಯಲ್ಲಿ ಹೂಳು ತುಂಬಿದರೆ ಗದ್ದೆ ಒಣಗುತ್ತದೆ. ಹೆಣ್ಣಿನ ದೇಹದಲ್ಲೂ ಅಂಡಾಶಯದಿಂದ ಗರ್ಭಕೋಶಕ್ಕೆ ಎರಡು ನಾಳಗಳಿವೆ, ಅಂಡಾಣುವೂ ವೀರ್ಯಾಣುವೂ ಸೇರುವುದು ಅವುಗಳೊಳಗೇ. ಹಿಂದಿನ ಹೆರಿಗೆಯ ಅಥವಾ ಗರ್ಭಪಾತದ ನಂತರದ ಸೋಂಕು, ಲೈಂಗಿಕವಾಗಿ ಹರಡುವ ಸೋಂಕು, ಕ್ಷಯ ಇವೆಲ್ಲ ಅಲ್ಲಿ ಹೂಳು ತುಂಬುತ್ತವೆ. ಕ್ಷಯವೆಂದರೆ ಕೆಮ್ಮು ಮಾತ್ರ ಎಂದು ನಾವು ತಿಳಿದಿದ್ದೇವೆ. ಜನನಾಂಗಕ್ಕೆ ಕ್ಷಯ ತಗುಲಿದ ಬಹುಪಾಲು ಮಹಿಳೆಯರಲ್ಲಿ ಅದು ಗರ್ಭನಾಳಗಳನ್ನೇ ಮೊದಲು ಹಿಡಿಯುತ್ತದೆ, ಸದ್ದಿಲ್ಲದೆ. ಕ್ಷಯದ ಔಷಧಿ ಸರ್ಕಾರದಿಂದ ಉಚಿತ. ಬೇಗ ಗೊತ್ತಾದಷ್ಟೂ ಉಳಿಯುವುದು ಹೆಚ್ಚು.

ವಯಸ್ಸಿನ ಸತ್ಯವನ್ನೂ ಮುಚ್ಚಿಡಬಾರದು. ಹೆಣ್ಣುಮಗು ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳೊಂದಿಗೆ ಹುಟ್ಟುತ್ತದೆ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ, ಹೊಸದಾಗಿ ಸೇರುವುದಿಲ್ಲ. ಗಂಡನ ಪರೀಕ್ಷೆ ಮುಂದೂಡುತ್ತ ಕಳೆದ ನಾಲ್ಕು ವರ್ಷ ಅವಳ ಲೆಕ್ಕದಿಂದಲೇ ಕಳೆಯುತ್ತದೆ. ಅವನ ಸಂಕೋಚಕ್ಕೆ ಅವಳು ತೆರುವ ಬೆಲೆ ಇದು.

ಪ್ರನಾಳ ಶಿಶು ಮತ್ತು ಒಬ್ಬ ಬೆಂಗಳೂರಿಗರ ಪ್ರಾಮಾಣಿಕತೆ

ಮಾತ್ರೆಯಿಂದ, ಶಸ್ತ್ರಚಿಕಿತ್ಸೆಯಿಂದ ಆಗದಿದ್ದಾಗ ಐವಿಎಫ್. ಹತ್ತು ಹನ್ನೆರಡು ದಿನ ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಹಲವು ಅಂಡಾಣುಗಳನ್ನು ಬಲಿಸಿ, ಸೂಜಿಯಿಂದ ಹೊರತೆಗೆದು, ಪ್ರಯೋಗಾಲಯದಲ್ಲಿ ವೀರ್ಯಾಣುಗಳೊಂದಿಗೆ ಸೇರಿಸಿ, ಮೂರರಿಂದ ಐದು ದಿನ ಬೆಳೆದ ಭ್ರೂಣವನ್ನು ಗರ್ಭಕೋಶದೊಳಗೆ ಬಿಡುವುದು. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್ ಹೀಗೆ ಬಂದ ಮೊದಲ ಮಗು. ರಾಬರ್ಟ್ ಎಡ್ವರ್ಡ್ಸ್‌ಗೆ 2010ರಲ್ಲಿ ನೊಬೆಲ್ ಬಂತು. ವೀರ್ಯಾಣು ತೀರಾ ಕಡಿಮೆ ಇರುವ ಗಂಡಸರಿಗೆ ದಾರಿ ತೆರೆದದ್ದು 1992ರಲ್ಲಿ ಬ್ರಸೆಲ್ಸ್‌ನ ತಂಡ ಯಶಸ್ವಿಗೊಳಿಸಿದ ಇಕ್ಸಿ. ಒಂದೇ ಒಂದು ವೀರ್ಯಾಣುವನ್ನು ನೇರವಾಗಿ ಅಂಡಾಣುವಿನೊಳಗೆ ಚುಚ್ಚುವ ವಿಧಾನ ಅದು.

ಲೂಯಿಸ್ ಹುಟ್ಟಿದ 70 ದಿನಗಳ ಬಳಿಕ, 1978ರ ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ‘ದುರ್ಗಾ’ ಹುಟ್ಟಿದಳು. ಡಾ. ಸುಭಾಷ್ ಮುಖೋಪಾಧ್ಯಾಯ ಕಡಿಮೆ ಸಲಕರಣೆಗಳಲ್ಲಿ, ಭ್ರೂಣವನ್ನು ಘನೀಕರಿಸಿ ಇಟ್ಟು, ಮುಂದಿನ ಋತುಚಕ್ರದಲ್ಲಿ ಗರ್ಭಕ್ಕೆ ಸೇರಿಸಿದ್ದರು. ಜಗತ್ತು ಆ ಮಾರ್ಗಕ್ಕೆ ಬಂದದ್ದು ಆಮೇಲೆ. ಆದರೆ ರಾಜ್ಯ ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. ಹೊರದೇಶದಲ್ಲಿ ತಮ್ಮ ಕೆಲಸ ಮಂಡಿಸಲು ಬಿಡಲಿಲ್ಲ. ಸಂಬಂಧವೇ ಇಲ್ಲದ ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. 1981ರ ಜೂನ್ 19ರಂದು ಅವರು ತಮ್ಮ ಜೀವ ಕಳೆದುಕೊಂಡರು.

1986ರ ಆಗಸ್ಟ್ 6ರಂದು ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್ ಅವರ ತಂಡದ ಶ್ರಮದಿಂದ ಮಗುವೊಂದು ಹುಟ್ಟಿದಾಗ ಅದೇ ಭಾರತದ ಮೊದಲ ಪ್ರನಾಳ ಶಿಶು ಎಂದು ದಾಖಲಾಯಿತು. ಆನಂದ್ ಕುಮಾರ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಚಿಕಿತ್ಸಾಲಯ ನಡೆಸಿದರು. ಕೋಲ್ಕತ್ತಕ್ಕೆ ಹೋದಾಗ ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳು ಅವರ ಕೈಗೆ ಬಂದವು. ಓದಿದರು. 1997ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ಮುಖೋಪಾಧ್ಯಾಯರೇ ಎಂದು ಬರೆದರು. ತನ್ನ ಹೆಸರಿಗಿದ್ದ ಹಿರಿಮೆಯನ್ನು ತಾನೇ ತೆಗೆದು, ಸತ್ತ ಮನುಷ್ಯನ ಹೆಸರಿನ ಮುಂದಿಟ್ಟರು. ಕರ್ನಾಟಕದ ವಿಜ್ಞಾನ ಚರಿತ್ರೆಯಲ್ಲಿ ನನಗೆ ಅತ್ಯಂತ ಗೌರವ ತರುವ ಘಟನೆಗಳಲ್ಲಿ ಇದು ಒಂದು. ಸಾಕ್ಷ್ಯ ಬದಲಾದಾಗ ಗಂಡಸೊಬ್ಬ ತನ್ನ ಹೆಸರಿನ ವಿಷಯದಲ್ಲೂ ಸತ್ಯ ಒಪ್ಪಬಲ್ಲ ಎಂಬುದನ್ನು ಅವರು ತೋರಿಸಿದರು.

ಅವರ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಆರ್. ಮೌದ್ಗಲ್ ಅವರನ್ನೂ ನೆನೆಯಬೇಕು. ವೀರ್ಯಾಣು ಬೆಳೆಯಲು ಎಫ್‌ಎಸ್‌ಎಚ್ ಹಾರ್ಮೋನ್ ಎಷ್ಟು ಮುಖ್ಯ ಎಂಬುದನ್ನು ಅವರ ತಂಡ ಕೋತಿಗಳಲ್ಲಿ ದಶಕಗಳ ಕಾಲ ಅಭ್ಯಸಿಸಿತು. ಅದೇ ಸಂಸ್ಥೆಯಲ್ಲಿ ಪಿ.ಬಿ. ಶೇಷಗಿರಿ, ಭ್ರೂಣ ತನ್ನ ಹೊರಕವಚ ಬಿಚ್ಚಿಕೊಂಡು ಗರ್ಭಕ್ಕೆ ಅಂಟಲು ಸಿದ್ಧವಾಗುವ ಬಗೆಯನ್ನು ಹ್ಯಾಮ್‌ಸ್ಟರ್‌ಗಳಲ್ಲಿ ಬಿಡಿಸಿ ನೋಡಿದರು.

ಕೇಳಬೇಕಾದ ಪ್ರಶ್ನೆಗಳು

ಐವಿಎಫ್ ಎಂದರೆ ಗ್ಯಾರಂಟಿಯಲ್ಲ. ಅಂಕಿಅಂಶವನ್ನು ಬಹಿರಂಗವಾಗಿ ಪ್ರಕಟಿಸುವ ಬ್ರಿಟನ್ನಿನಲ್ಲಿ, 35ರೊಳಗಿನ ಮಹಿಳೆಯರಿಗೆ ಒಂದು ಭ್ರೂಣ ಬಿಟ್ಟಾಗ ಮಗು ಹುಟ್ಟುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದು. 43 ದಾಟಿದರೆ ತಮ್ಮದೇ ಅಂಡಾಣುವಿನಿಂದ ಇಪ್ಪತ್ತರಲ್ಲಿ ಒಂದರ ಆಸುಪಾಸು. ಆದ್ದರಿಂದ ‘ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ಎಷ್ಟು ಜನಕ್ಕೆ ಮಗು ಕೈಗೆ ಬಂದಿದೆ?’ ಎಂದು ಕೇಳಿ. ಪರೀಕ್ಷೆಯಲ್ಲಿ ಬಸಿರು ಕಂಡವರ ಸಂಖ್ಯೆಯೇ ಬೇರೆ, ಮಗು ಎತ್ತಿಕೊಂಡು ಹೋದವರ ಸಂಖ್ಯೆಯೇ ಬೇರೆ.

ಮೇಲೊಂದಿಷ್ಟು ಎಂದು ಸೇರಿಸುವ ಚಿಕಿತ್ಸೆಗಳ ಬಗ್ಗೆಯೂ ಕೇಳಿ. ಗರ್ಭಕೋಶದ ಒಳಪದರವನ್ನು ಗೀರಿದರೆ ಭ್ರೂಣ ಚೆನ್ನಾಗಿ ಅಂಟುತ್ತದೆ ಎಂದು ನಂಬಿ ಜಗತ್ತಿನೆಲ್ಲೆಡೆ ಮಾಡುತ್ತಿದ್ದರು. 2019ರಲ್ಲಿ 1,364 ಮಹಿಳೆಯರ ಪ್ರಯೋಗದ ಫಲಿತಾಂಶ ಬಂತು. ಗೀರಿಸಿಕೊಂಡವರಲ್ಲೂ ಶೇ 26.1, ಗೀರಿಸಿಕೊಳ್ಳದವರಲ್ಲೂ ಶೇ 26.1ರಷ್ಟು ಮಂದಿಗೆ ಮಗು ಹುಟ್ಟಿತು. ನೋವು ಮಾತ್ರ ಲಾಭ.

ಕಾನೂನೂ ಈಗ ನಿಮ್ಮ ಬೆನ್ನಿಗಿದೆ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಪ್ರತಿ ಚಿಕಿತ್ಸಾಲಯವೂ ನೋಂದಣಿಯಾಗಿರಬೇಕು. ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವರ್ಷ ಮಿತಿ. ಲಿಖಿತ ಒಪ್ಪಿಗೆಯಿಲ್ಲದೆ ಯಾವ ಹೆಜ್ಜೆಯೂ ಇಡುವಂತಿಲ್ಲ. ಗಂಡೋ ಹೆಣ್ಣೋ ಎಂದು ಆರಿಸಿಕೊಡುವುದು ಅಪರಾಧ. ಅಂಡಾಣು ದಾನಿ ಜೀವನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು. ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಹಿಂಜರಿಯಬೇಡಿ.

ಹಣದ ಮಾತು ಉಳಿಯಿತು. ಒಂದು ಸುತ್ತಿಗೇ ಲಕ್ಷ ದಾಟುವ ಚಿಕಿತ್ಸೆಗೆ ಅಡಿಕೆ ತೋಟ ಅಡವಿಟ್ಟವರು, ಚಿನ್ನ ಮಾರಿದವರು ನಮ್ಮ ನಡುವೆಯೇ ಇದ್ದಾರೆ. ಗೋವಾ 2023ರಲ್ಲಿ ತನ್ನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಈ ಚಿಕಿತ್ಸೆಯನ್ನು ಉಚಿತವಾಗಿ ಆರಂಭಿಸಿತು. ಐವಿಎಫ್ ಕೇಂದ್ರ ಪ್ರತಿ ತಾಲ್ಲೂಕಿಗೂ ಬರಲಾರದು, ಬರಬೇಕಾಗಿಯೂ ಇಲ್ಲ. ಆದರೆ ಸೂಕ್ಷ್ಮದರ್ಶಕ ಪ್ರತಿ ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲೂ ಇರುವ ವಸ್ತು. ತರಬೇತಿ ಪಡೆದ ತಂತ್ರಜ್ಞ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ವಾರಕ್ಕೆ ಒಂದು ದಿನ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಆಸ್ಪತ್ರೆಗಳಲ್ಲಿ ‘ದಂಪತಿ ದಿನ’ ಶುರು ಮಾಡಲು ಇಷ್ಟು ಸಾಕು. ಅಂದು ಬರುವವರು ಇಬ್ಬರೂ ಬರಬೇಕು, ಚೀಟಿ ಇಬ್ಬರ ಹೆಸರಲ್ಲೂ ಆಗಬೇಕು.

ಹರಕೆ ಹೊರುವವರನ್ನು ನಾನು ಬೇಡ ಎನ್ನುವುದಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರವರಿಯಲ್ಲಿ ಬರುವ ಲಂಬಾಣಿ ಬಂಧುಗಳು, ಸಂತ ಸೇವಾಲಾಲರೂ ಬಹುಕಾಲ ಮಕ್ಕಳಿಲ್ಲದ ತಂದೆತಾಯಿಗೆ ಮರಿಯಮ್ಮನ ಕೃಪೆಯಿಂದ ಹುಟ್ಟಿದವರೆಂದು ಹೇಳುತ್ತಾರೆ. ಆ ಕಥೆಯಲ್ಲಿ ಭೀಮಾನಾಯ್ಕನೂ ಧರ್ಮಣಿಯೂ ಇಬ್ಬರೂ ಕಾದರು, ಇಬ್ಬರೂ ಬೇಡಿದರು. ನಾಗರಕಲ್ಲು ಇಡಲು ದಂಪತಿ ಒಟ್ಟಿಗೆ ಕೂರುತ್ತಾರೆ, ಸೆರಗಿಗೆ ಶಲ್ಯ ಗಂಟು ಹಾಕಿಕೊಂಡು. ದೇವರ ಮುಂದೆ ಕೂರುವ ಗಂಡ ಡಾಕ್ಟರ ಮುಂದೆ ಕೂರಲು ಯಾಕೆ ಹಿಂಜರಿಯಬೇಕು?

ಎಲ್ಲ ಪ್ರಯತ್ನ ಮಾಡಿಯೂ ಮಗುವಾಗದಿರಬಹುದು. ದತ್ತು ತೆಗೆದುಕೊಳ್ಳುವವರಿದ್ದಾರೆ, ಇಬ್ಬರೇ ನೆಮ್ಮದಿಯಾಗಿ ಬಾಳುವವರಿದ್ದಾರೆ. ಆ ಬಾಳೂ ಪೂರ್ಣವೇ. ಉಡಿ ತುಂಬುವಾಗ, ಸೀಮಂತದ ಆರತಿ ಎತ್ತುವಾಗ ಅವಳನ್ನೂ ಕರೆಯಿರಿ. ಮನಸ್ಸು ತೀರಾ ಕುಗ್ಗಿದವರಿಗೆ ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಶಾಂತವ್ವನ ಕಥೆಯಲ್ಲಿ ತಂದೆ ಸಿಟ್ಟಿನಲ್ಲಿ ಆಡಿದ್ದು ಒಂದೇ ಪದ. ವಿಚಾರಿಸಲಿಲ್ಲ, ಕೇಳಲಿಲ್ಲ. ಅದನ್ನು ತೊಳೆಯಲು ಮಗಳು ಸಾವಿರಾರು ಎಕರೆಯಷ್ಟು ನೀರು ನಿಲ್ಲಿಸಬೇಕಾಯಿತು. ಇಂದಿನ ಮನೆಗಳಲ್ಲಿ ಅಂಥದೇ ಇನ್ನೊಂದು ಪದ ಬಾಯಿಂದ ಹೊರಡುವ ಮೊದಲು ವಿಚಾರಿಸಲು ಬೇಕಾಗುವುದು ಒಂದು ಸಣ್ಣ ಡಬ್ಬಿ, ಒಂದು ಗಂಟೆಯ ಹೊತ್ತು. ಮುಂದಿನ ಸಲ ದಾವಣಗೆರೆಯ ಬಸ್ಸು ಹತ್ತುವಾಗ, ಅಣ್ಣಾ, ಫೈಲು ನೀವು ಹಿಡಿದುಕೊಳ್ಳಿ. ಮೊದಲ ಹಾಳೆಯಲ್ಲಿ ನಿಮ್ಮ ಹೆಸರಿರಲಿ.